ಕಿರುಬೆರಳಿನ ಸಾಕ್ಷಿ

ನಾಗರತ್ನಾಳ ಫೋನಿನಲ್ಲಿ ಒಂದೇ ಮಧ್ಯಾಹ್ನಕ್ಕೆ ನನ್ನ ಹೆಸರಿನ ಇಪ್ಪತ್ತಮೂರು ಮಿಸ್ಡ್ ಕಾಲ್ ಕಂಡ ನಮ್ಮ ಓಣಿಯ ಹಿರಿಯ ಖಾಲಾ ಹಮೀದಾಬೇಗಂ, ಗೋಧಿ ಡಬ್ಬಿಯನ್ನು ಗಿರಣಿಯ ಕಟ್ಟೆಯ ಮೇಲೆ ಕುಕ್ಕಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಗುರುಲಿಂಗ, ನಿನಗ ವಯಸ್ಸೆಷ್ಟಾತು?”

“ನಲವತ್ನಾಕು, ಖಾಲಾ.”

“ಮತ್ತ ಕಾಲೇಜ್ ಹುಡುಗರ ಗತೆ ಆ ಹೆಣ್ಮಗಳಿಗಿ ಇಪ್ಪತ್ಮೂರು ಸಲ ಫೋನ್ ಹಚ್ಚೀಯಲ್ಲ! ಆಕಿ ಎತ್ತಂಗಿಲ್ಲ ಅಂದ್ರ ತಿಳ್ಕೋಬೇಕಪ್ಪ. ನಡುವ ಒಂದ ಒಂದು ಗ್ವಾಡಿ ಅದ. ಎದ್ದು ಹೋಗಿ ಮಾತಾಡು.”

ನನ್ನ ಮುಖ ಬಿಸಿಯಾಯಿತು. ಆದರೆ ಹಿಟ್ಟು ಮೆತ್ತಿದ ಮುಖದ ಮೇಲೆ ನಾಚಿಕೆ ಕಾಣುವುದಿಲ್ಲ. ಗಿರಣಿಯವನಿಗೆ ದೇವರು ಕೊಟ್ಟ ಸೌಲಭ್ಯ ಅದೊಂದೇ.

ಅಷ್ಟರಲ್ಲಿ ನಾಗರತ್ನಾ ಬಾಗಿಲಿಗೆ ಬಂದು ನಿಂತಿದ್ದಳು. “ಖಾಲಾ, ಅವು ಮಾತಾಡಾಕ ಮಾಡಿದ ಕಾಲ್ ಅಲ್ರಿ. ನನ್ನ ಕೈಗಿ ಔಷಧಿ. ಡಾಕ್ಟರ್ ಬರದ ಕೊಟ್ಟಾರ.”

“ಇಂಥಾ ಔಷಧಿ ನಮ್ಮ ಕಾಲದಾಗ ಇರಲಿಲ್ಲ ಬಿಡವ್ವ,” ಎಂದು ಖಾಲಾ ಡಬ್ಬಿ ಅಲ್ಲೇ ಬಿಟ್ಟು ಹೊರಟರು. ನಾಗರತ್ನಾ ನನ್ನ ಕಡೆ ನೋಡಿ ಸೆರಗಿನ ಮರೆಯಲ್ಲಿ ನಕ್ಕಳು. ತಿಂಗಳುಗಳ ಮೇಲೆ ಆಕೆ ಮನಸ್ಸು ಬಿಚ್ಚಿ ನಕ್ಕದ್ದನ್ನು ನಾನು ನೋಡಿದ್ದು ಆವತ್ತೇ.

ನನ್ನ ಗಿರಣಿ ಇರುವುದು ಅಫಜಲಪುರದಲ್ಲಿ, ಬಜಾರಿನ ಹಿಂದಿನ ಓಣಿಯಲ್ಲಿ. ಗೋಡೆಯ ಆಚೆ ಆಕೆಯ ರೊಟ್ಟಿ ಖೋಲಿ, ಮನೆಯೂ ಅದೇ. ಆರು ವರ್ಷದಿಂದ ನಾನು ಬೀಸಿಕೊಟ್ಟ ಜೋಳದ ಹಿಟ್ಟನ್ನು ಆಕೆ ನಾದಿ, ಬಡಿದು, ಖಾನಾವಳಿಗಳಿಗೆ ಕಳಿಸುತ್ತಿದ್ದಳು. ನನ್ನ ಕಲ್ಲಿನ ಗರಗರ ನಿಂತ ಗಳಿಗೆಯಲ್ಲಿ ಆಚೆಯಿಂದ ರೊಟ್ಟಿ ಬಡಿಯುವ ಪಟಪಟ ಕೇಳುತ್ತಿತ್ತು. ಅದು ಕೇಳದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಆರು ವರ್ಷದಲ್ಲಿ ಈ ಮಾತನ್ನು ನಾನು ಆಕೆಗೆ ಹೇಳಿರಲಿಲ್ಲ.

ಆಕೆ ಇಜೇರಿಯ ಮಗಳು, ಮಣ್ಣೂರಿನ ಸೊಸೆಯಾಗಿದ್ದವಳು. ಗಂಡ ಸೋಲಾಪುರಕ್ಕೆ ಹೋಗಿ ಅಲ್ಲೇ ಉಳಿದ. ಕರೆದಾಗೆಲ್ಲ “ಹೌದು, ನಾಳಿಗಿ ಬರ್ತೇನಿ” ಎಂದು ಫೋನಿನಲ್ಲಿ ಹೇಳುತ್ತ ಮೂರು ವರ್ಷ ದೂಡಿ, ಕೊನೆಗೆ ಸೋಡಚೀಟಿ ಕಳಿಸಿ ಮದುವೆ ಮುರಿದ. ಆಮೇಲೆ ಆಕೆ ಅಣ್ಣನ ಮನೆಯಲ್ಲಿ ಹಂಗಿನ ಅನ್ನ ಉಣ್ಣಲೊಲ್ಲದೆ, ಒಂದು ಒಲೆ ಒಂದು ಹಂಚು ಹಿಡಿದು ಈ ಓಣಿಗೆ ಬಂದಳು.

ಈ ವರ್ಷ ಶಿವರಾತ್ರಿಯ ಮರುವಾರ ಎಣ್ಣೆ ಡಬ್ಬಿ ಕತ್ತರಿಸುವಾಗ ತಗಡು ಜಾರಿ ಆಕೆಯ ಬಲ ಮಣಿಕಟ್ಟಿಗೆ ಬಿತ್ತು. ಕಲಬುರಗಿಯಲ್ಲಿ ನರ ಜೋಡಿಸಿ ಹೊಲಿದರು. ಗಾಯ ಮಾಯಿತು, ಬೆರಳು ಆಡಿದವು. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರಕ್ಕೂ ಮುಟ್ಟಿದ್ದು ಏನೆಂದು ತಿಳಿಯುತ್ತಿರಲಿಲ್ಲ. ಕಿರುಬೆರಳಿನ ನರ ಬೇರೆಯಂತೆ, ಅದೊಂದು ಮೊದಲಿನಂತೆಯೇ ಇತ್ತು.

ಹಿಟ್ಟಿನ ಜಿಗಿ ತಿಳಿಯದೆ ರೊಟ್ಟಿ ಬಡಿಯಲಾಗುವುದಿಲ್ಲ. ಬಡಿದದ್ದೆಲ್ಲ ಹರಿಯಿತು. ಒಮ್ಮೆ ಬೆರಳು ಹಂಚಿನ ಮೇಲೇ ಉಳಿದು, ಚರ್ಮ ಸುಟ್ಟ ವಾಸನೆ ಬಂದ ಮೇಲೆ ಆಕೆಗೆ ಗೊತ್ತಾಯಿತು. ಖಾನಾವಳಿಯವರು ಬೇರೆ ಕಡೆ ಹೋದರು. ಇಜೇರಿಯ ಅಣ್ಣ ಬೀರಲಿಂಗಪ್ಪ ಬಂದು, ದಸರೆಯೊಳಗೆ ಕೈ ನೆಟ್ಟಗಾಗದಿದ್ದರೆ ಖೋಲಿ ಬಿಟ್ಟು ಊರಿಗೆ ಬರಬೇಕು ಎಂದು ಹೇಳಿ ಹೋದ. ಆಕೆಯೂ ಒಪ್ಪಿದಳು. ಒಪ್ಪದೆ ಇರಲು ಆಕೆಯ ಬಳಿ ಕಾರಣ ಉಳಿದಿರಲಿಲ್ಲ.

ಆಗ ಸಿಕ್ಕವರು ಫಿಜಿಯೋಥೆರಪಿಯ ಭಾಗ್ಯಜ್ಯೋತಿ ಮೇಡಂ. ಒಂದು ಸಲ ಬಸ್ಸಿನಲ್ಲಿ ನಾಗರತ್ನಾಳ ಚೀಲ ಹಿಡಿಯುವ ನೆಪದಲ್ಲಿ ನಾನೂ ಕಲಬುರಗಿಗೆ ಹೋಗಿದ್ದೆ. ಮೇಡಂ ಎರಡು ಕವಲಿನ ಉಕ್ಕಿನ ಕಡ್ಡಿಯೊಂದನ್ನು ಮಂಡಿಗೆ ಬಡಿದು, ಅದು ನಡುಗುತ್ತಿರುವಾಗಲೇ ನಾಗರತ್ನಾಳ ಬೆರಳಿಗೆ ತಾಗಿಸಿದರು. ಆಕೆ ತಲೆ ಅಲ್ಲಾಡಿಸಿದಳು, ಏನೂ ಇಲ್ಲ.

“ನರ ಬೆಳ್ಯಾಕತ್ತದ್ರಿ. ಆದ್ರ ಮಿದುಳು ಈ ಬೆರಳನ್ನ ಮರ್ತದ. ಈ ವಯಸ್ಸಿನಾಗ ಅದಕ್ಕ ಮತ್ತ ಸಾಲಿ ಕಲಿಸ್ಬೇಕು,” ಅಂದರು ಮೇಡಂ. “ದಿನಾ ಮಾಡ್ರಿ. ನೋಡಿ ಮುಟ್ರಿ, ಕಣ್ಮುಚ್ಚಿ ಮುಟ್ರಿ, ಮತ್ತ ನೋಡ್ರಿ. ಫೋನ್ ವೈಬ್ರೇಟ್ ಇಟ್ಟು ಬೆರಳಿಗಿ ಹಿಡೀರಿ. ದಪ್ಪ ನಡುಕ ಮೊದಲ ತಿಳೀತದ, ಸಣ್ಣದು ತಡಾ ಆಗ್ತದ. ಊಹೆ ಮಾಡಬ್ಯಾಡ್ರಿ. ಏನೂ ಬರ್ಲಿಲ್ಲ ಅಂದ್ರ, ಏನೂ ಬರ್ಲಿಲ್ಲ ಅನ್ನೋದನ್ನ ಸಮಾಧಾನದಿಂದ ಗಮನಿಸ್ರಿ. ಅದೂ ಕಲಿಯೋದ.”

ನಮ್ಮ ಓಣಿಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕರೆಂಟ್ ಇರುವುದಿಲ್ಲ. ಆ ಹೊತ್ತಿನಲ್ಲಿ ಪಾಠ. ಗಿರಣಿಯ ಖಾಲಿ ಚೀಲಗಳ ಮೇಲೆ ಆಕೆ ಗೋಡೆಗೆ ಒರಗಿ ಕೂಡುತ್ತಿದ್ದಳು. ಎದುರಿಗೆ ತಾಟುಗಳಲ್ಲಿ ಜೋಳದ ಹಿಟ್ಟು, ರವೆ, ಕಡಲೆ ಹಿಟ್ಟು, ಭೀಮಾ ದಂಡೆಯ ಸಣ್ಣ ಉಸುಕು. ಕಣ್ಣಿಗೆ ಟವೆಲ್, ಕಿವಿಗೆ ಅರಳೆ. ಅರಳೆ ಯಾಕೆಂದರೆ ಫೋನು ಗುಂಯ್ ಅನ್ನುವುದು ಕೇಳಿಬಿಟ್ಟರೆ ಬೆರಳಿನ ಪರೀಕ್ಷೆ ಆಗುವುದಿಲ್ಲ.

ಆಕೆಯ ಫೋನನ್ನು ಬಟ್ಟೆಯ ಮೇಲಿಟ್ಟು ಆ ಮೂರು ಬೆರಳುಗಳನ್ನಷ್ಟೇ ಅದರ ಮೇಲೆ ಇರಿಸಿ, ನಾನು ನನ್ನ ಬಟನ್ ಫೋನಿನಿಂದ ರಿಂಗ್ ಕೊಡುತ್ತಿದ್ದೆ, ಕೆಲವೊಮ್ಮೆ ಕೊಡದೆ ಸುಮ್ಮನಿರುತ್ತಿದ್ದೆ. ಆಕೆ “ಬಂತು” ಎಂದೋ “ಇಲ್ಲ” ಎಂದೋ ಹೇಳಬೇಕು. ನನ್ನ ಉತ್ತರ ಆಕೆಗೆ ಕೇಳುವುದಿಲ್ಲವಲ್ಲ, ಅದಕ್ಕೆ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ಎಡಗೈಯ ಮೇಲೆ ಒಂದು ಸಲ ತಟ್ಟಿದರೆ ಸರಿ, ಎರಡು ಸಲ ತಟ್ಟಿದರೆ ತಪ್ಪು.

ನಿಜ ಹೇಳಬೇಕೆಂದರೆ ಆ ಎರಡು ತಾಸಿಗಾಗಿ ನಾನು ಇಡೀ ದಿನ ಕಾಯುತ್ತಿದ್ದೆ. ಆರು ವರ್ಷ ಓರೆಗಣ್ಣಿನಿಂದ ನೋಡಿದವಳನ್ನು ಈಗ ನೆಟ್ಟಗೆ ನೋಡಬಹುದಿತ್ತು. ಟವೆಲಿನ ಕೆಳಗೆ ಆಕೆಯ ತುಟಿ ಬಿಗಿಯುವುದು, ಮೂಗುತಿಯ ಹರಳಿನ ಮೇಲೆ ಹಿಟ್ಟಿನ ದೂಳು ಕೂಡುವುದು, ಗಮನ ಇಟ್ಟಾಗ ಕೊರಳಿನ ನರ ಸಣ್ಣಗೆ ಮಿಡಿಯುವುದು, ಎಲ್ಲ ನೋಡುತ್ತಿದ್ದೆ. ನನ್ನಂಥ ದಣಿದ ಗಂಡಸಿಗೆ ಇಷ್ಟು ಆಸೆ ಉಳಿದಿದೆ ಎಂದು ನನಗೇ ಗೊತ್ತಿರಲಿಲ್ಲ.

“ಗಿರಣಿಯವ್ರ, ನಿಮ್ಮ ಉಸಿರು ಕೈಗಿ ತಾಗವಲ್ದು. ನನ್ನ ನೋಡ್ಕೋತ ಬಿಗಿಹಿಡಿದು ಕುಂತೀರಿ,” ಎಂದಳು ಒಂದು ದಿನ, ಟವೆಲ್ ಬಿಚ್ಚದೆ.

ನಾನು ಗಾಬರಿಯಾಗಿ ಎಡಗೈಯ ಮೇಲೆ ಎರಡು ಸಲ ತಟ್ಟಿದೆ. ತಪ್ಪು ಎಂದು. ಆಕೆ ತುಟಿಯ ಒಂದು ಮೂಲೆಯಲ್ಲಿ ನಕ್ಕಳು.

ಆ ನಗು ಬಹಳ ದಿನ ಉಳಿಯಲಿಲ್ಲ. ಮೊದಲ ಎರಡು ವಾರ ಆಕೆ ಹೇಳಿದ್ದೆಲ್ಲ ತಪ್ಪು. ಉಸುಕನ್ನು ರವೆ ಅಂದಳು, ಫೋನು ನಡುಗುವಾಗ ಇಲ್ಲ ಅಂದಳು, ನಡುಗದಾಗ ಬಂತು ಅಂದಳು. ಪ್ರತಿ ಸಲ ನಾನು ಎರಡು ತಟ್ಟಿದಾಗ ಆಕೆಯ ಹೆಗಲು ಒಂದಿಷ್ಟು ಇಳಿಯುತ್ತಿತ್ತು. ಮನೆಗೆ ಹೋಗುವಾಗ ಚಪ್ಪಲಿ ಎಳೆದುಕೊಂಡು ಹೋಗುತ್ತಿದ್ದಳು.

ಮೂರನೇ ವಾರ ಒಂದು ಮಧ್ಯಾಹ್ನ ನಾನು ಸುಳ್ಳು ತಟ್ಟಿದೆ.

ಉಸುಕನ್ನು ಮುಟ್ಟಿ ಆಕೆ “ಜ್ವಾಳದ ಹಿಟ್ಟು?” ಎಂದಳು. ನಾನು ಒಂದೇ ಸಲ ತಟ್ಟಿದೆ. ಆಕೆಯ ಬೆನ್ನು ನೆಟ್ಟಗಾಯಿತು. ಮುಖದ ಮೇಲೆ ಬಂದ ಬೆಳಕನ್ನು ನೋಡಿ ನನಗೆ ಹೊಟ್ಟೆ ತುಂಬಿದಂತಾಯಿತು. ಆಕೆ ಟವೆಲ್ ಬಿಚ್ಚುವ ಮೊದಲೇ ತಾಟು ಬದಲಿಸಿದೆ. ಮರುದಿನ ಎರಡು ಸುಳ್ಳು. ಆಮೇಲೆ ನಾನು ಎರಡು ಸಲ ತಟ್ಟುವುದನ್ನೇ ಬಿಟ್ಟುಬಿಟ್ಟೆ. ಖಾಲಾ ಬಂದು ಜಗಳ ತೆಗೆದ ದಿನ ಆಕೆ ನಕ್ಕಳು ಎಂದೆನಲ್ಲ, ಆ ನಗುವೂ ನನ್ನ ಸುಳ್ಳಿನ ಫಲವೇ.

ಇದು ನನ್ನ ಹಳೆಯ ಚಾಳಿ. ನನ್ನ ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಆಕೆ ಹಾಸಿಗೆ ಹಿಡಿದ ಏಳು ತಿಂಗಳೂ ನಾನು ದಿನಾ ಬೆಳಿಗ್ಗೆ ಹಣೆ ಮುಟ್ಟಿ “ಇವತ್ತ ಕಮ್ಮಿ ಆಗ್ಯಾದ” ಎನ್ನುತ್ತಿದ್ದೆ. ಕಡೆಯ ದಿನವೂ ಅಂದೆ. ಪ್ರೀತಿ ಅಂದರೆ ಇಷ್ಟೇ, ನೋವಿದ್ದವರಿಗೆ ಹೌದು ಹೌದು ಅನ್ನುವುದು ಎಂದು ನಾನು ತಿಳಿದುಕೊಂಡಿದ್ದೆ.

ಏಳನೇ ವಾರದ ಒಂದು ಮಧ್ಯಾಹ್ನ ನಾಗರತ್ನಾ ಎಂದಿನಂತೆ ಕೂತಳು. ಬೆರಳು ಫೋನಿನ ಮೇಲೆ ಇಟ್ಟೆ. ನಾನು ಕಾಲ್ ಮಾಡಲಿಲ್ಲ.

“ಬಂತು,” ಎಂದಳು.

ನಾನು ಒಂದು ಸಲ ತಟ್ಟಿದೆ.

ಸುಮ್ಮನಿದ್ದೆ. “ಬಂತು,” ಎಂದಳು ಮತ್ತೆ.

ಮತ್ತೆ ಒಂದು ಸಲ ತಟ್ಟಿದೆ. ಆಕೆ ಮೆಲ್ಲಗೆ ಎಡಗೈ ಎಳೆದುಕೊಂಡು ಕಿವಿಯ ಅರಳೆ ತೆಗೆದಳು, ಟವೆಲ್ ಬಿಚ್ಚಿದಳು. ಆಮೇಲೆ ಬಲಗೈಯ ಕಡೆ ಕಣ್ಣು ಹಾಯಿಸಿದಳು. ನಾನೂ ನೋಡಿದೆ. ಫೋನಿನ ಅಂಚಿಗೆ ಆಕೆಯ ಕಿರುಬೆರಳು ತಾಗಿಕೊಂಡಿತ್ತು. ಯಾವಾಗ ಸರಿಸಿದ್ದಳೋ, ಆಕೆಯ ಮುಖ ನೋಡುತ್ತ ಕೂತ ನನಗೆ ತಿಳಿದೇ ಇರಲಿಲ್ಲ.

“ಇದು ಸತ್ತಿಲ್ರಿ,” ಎಂದು ಕಿರುಬೆರಳು ಎತ್ತಿದಳು. “ಫೋನ್ ನಡುಗಿಲ್ಲ. ನಾ ಬೇಕಂತ ಸುಳ್ಳ ಹೇಳ್ದೆ. ನೀವು ಸರಿ ಅಂದ್ರಿ.”

ನಾನು ಕೈಯಲ್ಲಿದ್ದ ಫೋನನ್ನು ಚೀಲದ ಮೇಲೆ ಇಟ್ಟೆ.

“ಎಂದಿಂದ?” ಎಂದಳು.

“ಮೂರನೇ ವಾರದಿಂದ.”

“ಮೇಡಂ ಏನ್ ಹೇಳಿದ್ರು? ಮಿದುಳಿಗಿ ಸಾಲಿ ಅಂತ. ಇಷ್ಟ ದಿನ ನನ್ನ ಮಿದುಳಿಗಿ ಸುಳ್ಳ ಕಲಿಸೀರಿ. ಮನೀಗಿ ಹೋಗಿ ಹಿಟ್ಟಿನಾಗ ಕೈ ಇಟ್ರ ಏನೂ ತಿಳೀತಿರ್ಲಿಲ್ಲ. ಗಿರಣ್ಯಾಗ ತಿಳೀತದ, ಇಲ್ಲಿ ಯಾಕ ತಿಳೀವಲ್ದು, ನನಗ ಹುಚ್ಚ ಹಿಡ್ದದೇನು ಅಂತ ಅತ್ತೀನ್ರಿ ನಾ.” ದನಿ ಏರಲಿಲ್ಲ. ಏರಿಸುವಷ್ಟು ಶಕ್ತಿ ಆಕೆಯಲ್ಲಿ ಇರಲಿಲ್ಲ. “ಒಬ್ಬವ ಮೂರು ವರ್ಷ ಫೋನಿನಾಗ ಹೌದು ಹೌದು ಅಂದ. ಈಗ ನೀವು. ನನಗ ಸಾಕಾಗ್ಯಾದ್ರಿ.”

ಆಕೆ ಎದ್ದು ಹೋದಳು. ತಾಟುಗಳು ಹಾಗೇ ಉಳಿದವು. ಕರೆಂಟ್ ಬಂದ ಮೇಲೂ ನಾನು ಮೋಟಾರ್ ಚಾಲೂ ಮಾಡಲಿಲ್ಲ.

ನಾಲ್ಕು ದಿನ ಗೋಡೆಯ ಆಚೆ ಸದ್ದಿರಲಿಲ್ಲ. ಐದನೇ ದಿನ ಹಮೀದಾ ಖಾಲಾ ಹಿಟ್ಟು ಒಯ್ಯಲು ಬಂದು, “ಈಗ ಒಂದೂ ಕಾಲ್ ಇಲ್ಲಂತಲ್ಲ? ಎದ್ದು ಹೋಗಂತ ನಾ ಅವತ್ತೇ ಅಂದಿದ್ದೆ,” ಎಂದರು. ಅವರಿಗೆ ವಿಷಯ ಗೊತ್ತಿರಲಿಲ್ಲ, ಆದರೆ ಮದ್ದು ಮಾತ್ರ ಸರಿಯಾಗಿಯೇ ಹೇಳಿದ್ದರು.

ಎದ್ದು ಹೋದೆ. ನಾಗರತ್ನಾ ಹೊಸ್ತಿಲ ಮೇಲೆ ಕೂತು ಎಡಗೈಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಹೆಂಡತಿಯ ಹಾಸಿಗೆ, ದಿನಾ ಬೆಳಿಗ್ಗೆ ನಾನು ಅಂದ ಮಾತು, ಕಡೆಗೆ ಅವಳು ನನ್ನ ಕೈ ಹಿಡಿದು “ಖರೆ ಹೇಳ್ರಿ” ಎಂದು ಕೇಳಿದ್ದು, ಆಗಲೂ ನಾನು ಹೇಳದೆ ಹೋದದ್ದು. ಇದನ್ನು ಯಾರಿಗೂ ಹೇಳಿರಲಿಲ್ಲ.

ಆಕೆ ಬೆಳ್ಳುಳ್ಳಿ ಕೆಳಗಿಟ್ಟಳು.

“ಆಕಿಗಿ ಗೊತ್ತಿರ್ತದ್ರಿ,” ಎಂದಳು. “ಹೆಣ್ಮಕ್ಕಳಿಗಿ ಗೊತ್ತಿರ್ತದ. ನಿಮ್ಮ ಸಲುವಾಗಿ ಗೊತ್ತಿಲ್ಲದವ್ರ ಗತೆ ಇದ್ದಿರ್ಬೇಕು.” ಮಡಿಲಿನ ಸಿಪ್ಪೆ ಕೊಡವಿ ಮತ್ತೆ ಅಂದಳು, “ನಾಳಿಗಿ ಎರಡಕ್ಕ ಬರ್ತೇನಿ. ತಪ್ಪಿದ್ರ ತಪ್ಪು ಅನ್ಬೇಕು. ಅಂತೀರೇನು?”

“ಅಂತೇನ್ರಿ.”

ಮರುದಿನದಿಂದ ಎರಡು ಸಲ, ಎರಡು ಸಲ, ಎರಡು ಸಲ. ನನ್ನ ಬೆರಳಿಗೆ ಅಷ್ಟು ಭಾರ ಹಿಂದೆಂದೂ ಅನಿಸಿರಲಿಲ್ಲ. ಆಕೆ ಊಹೆ ಮಾಡುವುದನ್ನು ಬಿಟ್ಟಳು. “ಏನೂ ಇಲ್ಲ,” ಎನ್ನುವಳು, ತಡೆದು, “ಇನ್ನೂ ಏನೂ ಇಲ್ಲ.” ಫೋನು ನಡುಗದೆ ಇದ್ದಾಗ ಅದೇ ಸರಿಯಾದ ಉತ್ತರ, ಆಗ ನಾನು ಒಂದು ಸಲ ತಟ್ಟುತ್ತಿದ್ದೆ. ನಡುಗಿದಾಗಲೂ ಆಕೆಯದು ಅದೇ ಮಾತು. ನಾವಿಬ್ಬರೂ ದಣಿದಿದ್ದೆವು. ಆದರೂ ಆ ದಣಿವಿನಲ್ಲಿ ಒಂದು ನೆಮ್ಮದಿ ಇತ್ತು, ಮುಚ್ಚಿಡುವುದು ಏನೂ ಉಳಿದಿರಲಿಲ್ಲ.

ದಸರೆ ಬಂತು. ಭಾನುವಾರ ಬೆಳಿಗ್ಗೆ ಟೆಂಪೋ ತರುತ್ತೇನೆ ಎಂದು ಬೀರಲಿಂಗಪ್ಪನ ಫೋನು ಬಂತು.

ಶನಿವಾರ ಮಧ್ಯಾಹ್ನ ಆಕೆ ಪಾಠಕ್ಕೆ ಬರಲಿಲ್ಲ. “ಸಾಮಾನು ಕಟ್ಟೋದದ್ರಿ,” ಎಂದು ಬಾಗಿಲಿನಿಂದಲೇ ಹೇಳಿ ಹೋದಳು. ನಾಲ್ಕಕ್ಕೆ ಕರೆಂಟ್ ಬಂತು, ಅದರ ಹಿಂದೆಯೇ ಮಳೆ. ಭೀಮೆಯ ಮೇಲ್ದಂಡೆಯಲ್ಲಿ ಮಳೆ ಜೋರಾಗಿದೆ, ಸೊನ್ನದ ಬ್ಯಾರೇಜಿನ ಗೇಟು ಎತ್ತಿದ್ದಾರೆ ಎಂದು ಬೆಳಿಗ್ಗೆಯೇ ಜನ ಮಾತಾಡಿಕೊಂಡಿದ್ದರು. ತಗಡಿನ ಮೇಲೆ ಮಳೆ ಬಿದ್ದ ರಭಸಕ್ಕೆ ನನ್ನ ಗಿರಣಿಯ ಸದ್ದು ನನಗೇ ಕೇಳುತ್ತಿರಲಿಲ್ಲ.

ಯಾರದೋ ಜೋಳ ಸುರಿದು ಮೋಟಾರ್ ಹಚ್ಚಿ ಕೂತೆ. ಎದುರಿಗೆ ಆಕೆ ಕೂಡುತ್ತಿದ್ದ ಚೀಲಗಳು. ಒರಗುತ್ತಿದ್ದ ಗೋಡೆಯ ಮೇಲೆ ತಲೆಯ ಎಣ್ಣೆಯ ಸಣ್ಣ ಕಲೆ. ನಾಳೆಯಿಂದ ಅದನ್ನು ನೋಡುತ್ತ ಎಷ್ಟು ವರ್ಷ ಕೂಡಬೇಕು ಎಂದು ಲೆಕ್ಕ ಹಾಕುತ್ತ, ನಾನು ಎಲ್ಲಿದ್ದೇನೆ ಎಂಬುದನ್ನೇ ಮರೆತೆ.

ತಲೆಯ ಮೇಲೆ ಖಾಲಿ ಗೊಬ್ಬರ ಚೀಲ ಹೊದ್ದುಕೊಂಡು, ತೊಯ್ದು ತೊಪ್ಪೆಯಾಗಿ ನಾಗರತ್ನಾ ಓಡಿ ಬಂದಳು. ಮಳೆಯಲ್ಲಿ ಆಕೆ ಕೂಗಿದ್ದು ನನಗೆ ಕೇಳಲಿಲ್ಲ. ಆಕೆಯೇ ನನ್ನನ್ನು ದಾಟಿ ಹೋಗಿ ಸ್ವಿಚ್ ಒತ್ತಿದಳು.

“ಕಲ್ಲು ಖಾಲಿ ತಿರುಗಾಕತ್ತಾವ!” ಎಂದಳು ಏದುಸಿರು ಬಿಡುತ್ತ. “ಕಾಳು ಮುಗ್ದು ಎಷ್ಟ ಹೊತ್ತಾತು? ಕಲ್ಲು ಸವದು ಹೋಗ್ತಾವ, ಖಬರ್ ಅದನ ನಿಮಗ?”

ನೋಡಿದೆ. ಕಾಳಿನ ಡಬ್ಬಿ ಬರಿದಾಗಿತ್ತು. ಕಲ್ಲಿಗೆ ಕಲ್ಲು ಉಜ್ಜಿ ಸುಟ್ಟ ವಾಸನೆ ಆಗ ನನ್ನ ಮೂಗಿಗೆ ಬಡಿಯಿತು. ಇಪ್ಪತ್ತು ವರ್ಷದಲ್ಲಿ ಇಂಥ ತಪ್ಪು ಮಾಡಿರಲಿಲ್ಲ.

“ಈ ಮಳ್ಯಾಗ ನಿಮಗ ಹೆಂಗ ಕೇಳಿಸ್ತು?”

ಆಕೆ ಥಟ್ಟನೆ ನಿಂತಳು. ತನ್ನ ಬಲಗೈಯನ್ನು ತಾನೇ ಹೊಸದಾಗಿ ಕಂಡವಳಂತೆ ಎತ್ತಿ ನೋಡಿದಳು.

“ಕೇಳ್ಲಿಲ್ರಿ,” ಎಂದಳು. “ಗ್ವಾಡಿ ಮಾಡದಾಗಿನ ಡಬ್ಬಿ ಇಳಸಾಕ ಗ್ವಾಡಿಗಿ ಬೆರಳು ಹಚ್ಚಿದ್ದೆ. ಮೊದಲ ಸಂಶೆ ಬಂತು. ಕಿರುಬೆರಳು ಮಡಚಿ, ಈ ಮೂರ ಹಚ್ಚಿ ನೋಡ್ದೆ. ಕಣ್ಮುಚ್ಚಿ ನಿಂತೆ. ದಿನಾ ಕಾಳು ಇದ್ದಾಗ ಗ್ವಾಡಿ ಮೆತ್ತಗ ಗುಂ ಅಂತಿರ್ತದ. ಇದು ಬ್ಯಾರೆ ಇತ್ತು. ಕಟಕಟ ಅನ್ನಾಕತ್ತಿತ್ತು.”

ದಪ್ಪ ನಡುಕ ಮೊದಲು ತಿಳಿಯುತ್ತದೆ ಎಂದು ಮೇಡಂ ಹೇಳಿದ್ದರು. ಊರಿನ ಅತಿ ದಪ್ಪ ನಡುಕವನ್ನು ಪಕ್ಕದಲ್ಲೇ ಇಟ್ಟುಕೊಂಡು, ನಾವಿಬ್ಬರೂ ಒಂಬತ್ತು ವಾರ ಒಂದು ಫೋನನ್ನು ಹಿಡಿದು ಕೂತಿದ್ದೆವು. ಕಲ್ಲಿನ ಮುಂದೆ ಹುಟ್ಟಿ ಬೆಳೆದ ನನಗೂ ಹೊಳೆದಿರಲಿಲ್ಲ. ಕರೆಂಟ್ ಇದ್ದಾಗ ಪಾಠ ಮಾಡಿದ್ದರೆ ಸಾಕಿತ್ತು.

ಆಕೆ ಚೀಲಗಳ ಮೇಲೆ ಕುಸಿದು ಕೂತು ಅತ್ತಳು. ಜೋರಾಗಿ ಅಲ್ಲ. ಬಹಳ ದೂರ ನಡೆದು ಬಂದವರು ಕೂತ ಕೂಡಲೇ ಉಸಿರು ಬಿಡುತ್ತಾರಲ್ಲ, ಹಾಗೆ. ನಾನು ಪಕ್ಕದಲ್ಲಿ ಕೂತೆ. ನನ್ನ ಕಣ್ಣೂ ತೇವವಾಗಿತ್ತು, ಹಿಟ್ಟು ಅಂಟಿ ಉರಿಯುತ್ತಿತ್ತು.

“ಭಾಳ ದಣದೀನ್ರಿ,” ಎಂದಳು.

“ನಾನೂ.”

ಮಳೆ ಸ್ವಲ್ಪ ಇಳಿಯಿತು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಟವೆಲ್ ಇಲ್ಲದ ಕಣ್ಣಿನಿಂದ ನನ್ನನ್ನು ನೆಟ್ಟಗೆ ನೋಡಿದಳು. ಕಣ್ಣು ತಪ್ಪಿಸಲು ನನಗೆ ಜಾಗ ಇರಲಿಲ್ಲ.

“ಟವೆಲ್ ಕಟ್ಟಿದಾಗ ನೀವು ನನ್ನ ನೋಡ್ತಿದ್ರಿ. ಅವತ್ತ ಕೇಳಿದ್ರ ಎರಡು ಸಲ ತಟ್ಟಿದ್ರಿ. ಅದೂ ಸುಳ್ಳ.”

“ಸುಳ್ಳರಿ.”

“ಈಗ ಒಂದು ಕೇಳ್ತೇನಿ, ಖರೆ ಹೇಳ್ರಿ.” ಆಕೆ ಬಲಗೈಯನ್ನು ಮುಂದೆ ಚಾಚಿ, ಮತ್ತೆ ಏನೋ ನೆನಪಾಗಿ ಅದನ್ನು ಹಿಂದೆ ತೆಗೆದು ಎಡಗೈ ಕೊಟ್ಟಳು. “ಇದರ ಮ್ಯಾಲ ಹೇಳ್ರಿ. ಅದಕ್ಕ ಇನ್ನೂ ಸಣ್ಣದು ತಿಳಿಯಂಗಿಲ್ಲ. ಮಾತು ತಪ್ಪಿ ಹೋಗಬಾರ್ದು.”

ನಾನು ಕೈಯ ಹಿಟ್ಟನ್ನು ಅಂಗಿಗೆ ಒರೆಸಿಕೊಂಡೆ.

“ನಾಳಿಗಿ ನಾ ಇಜೇರಿಗಿ ಹೋಗೋದು ಸರಿ ಅದನೋ, ತಪ್ಪೋ?”

ನಾನು ಆಕೆಯ ಎಡಗೈಯ ಮೇಲೆ ಎರಡು ಸಲ ತಟ್ಟಿದೆ. ತಟ್ಟಿದ ಕೈ ಅಲ್ಲೇ ಉಳಿಯಿತು. ಆಕೆ ಎಳೆದುಕೊಳ್ಳಲಿಲ್ಲ.

“ಬಾಯಿಲೆ ಅನ್ರಿ.”

“ಹೋಗಬ್ಯಾಡ ನಾಗರತ್ನಾ. ಆರು ವರ್ಷದಿಂದ ಅನ್ಬೇಕಂತೇನಿ. ಗ್ವಾಡಿ ಆಚೆ ನೀ ರೊಟ್ಟಿ ಬಡದ್ರನ ನನಗ ಅನ್ನ ಸೇರ್ತದ.”

“ನನ್ನ ಕೈ ಪೂರಾ ನೆಟ್ಟಗ ಆಗ್ಲಿಲ್ಲಂದ್ರ?”

ಆಗ್ತದ ಬಿಡು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. “ಆಗ್ಲಿಕ್ಕಿಲ್ಲ. ನನಗ ಗೊತ್ತಿಲ್ಲ. ಆಗದಿದ್ರೂ ಹೋಗಬ್ಯಾಡ.”

ಆಕೆ ತಲೆ ತಗ್ಗಿಸಿದಳು. ಆಮೇಲೆ ಎದ್ದು, ಕಲ್ಲಿನ ಕೆಳಗಿನ ಡಬ್ಬಿಯಲ್ಲಿದ್ದ ಹೊಸ ಹಿಟ್ಟನ್ನು ಎರಡು ಬೊಗಸೆ ತೆಗೆದುಕೊಂಡು ತನ್ನ ಖೋಲಿಗೆ ನಡೆದಳು. ಕಟ್ಟಿದ ಸಾಮಾನಿನೊಳಗಿಂದ ಹಂಚನ್ನು ಹೊರತೆಗೆದದ್ದು, ಒಲೆ ಹೊತ್ತಿಸಿದ್ದು ಗೋಡೆಯ ಈಚೆಗೆ ಕೇಳಿತು. ಸ್ವಲ್ಪ ಹೊತ್ತಿನ ಮೇಲೆ ಪಟಪಟ ಸದ್ದು. ನಡುನಡುವೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.

ಬಿಸಿ ರೊಟ್ಟಿಯನ್ನು ತಾಟಿನಲ್ಲಿ ತಂದು ನನ್ನ ಮುಂದೆ ಇಟ್ಟಳು, ಮೇಲೆ ಒಂದಿಷ್ಟು ಶೇಂಗಾ ಹಿಂಡಿಯ ಚಟ್ನಿ. ಒಂದು ಕಡೆ ದಪ್ಪ, ನಡುವೆ ಹರಿದಿದೆ, ಅಂಚು ಕಪ್ಪು. ಆಕೆ ಎದುರಿಗೆ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಮುರಿದು ತಿಂದೆ. ತಿಂಗಳುಗಳ ಮೇಲೆ ಆಕೆಯ ಬಲಗೈ ಬಡಿದ ರೊಟ್ಟಿ.

“ಹೆಂಗ ಅದ?”

ಬಾಯಿ ತುಂಬಿತ್ತು. ನಾನು ಕೈ ಚಾಚಿ ಆಕೆಯ ಎಡಗೈಯ ಮೇಲೆ ಎರಡು ಸಲ ತಟ್ಟಿದೆ.

ಆಕೆ ನಕ್ಕಳು. ಈ ಸಲ ಸೆರಗು ಅಡ್ಡ ಹಿಡಿಯಲಿಲ್ಲ. “ನಾಳಿಗಿ ಅಣ್ಣ ಬರ್ತಾನ,” ಎಂದಳು, “ಅವಗೂ ಇದ ರೊಟ್ಟಿ ಉಣ್ಣಿಸಿ, ಹೊಳ್ಳಿ ಇಜೇರಿಗಿ ಕಳಸ್ತೇನಿ.”